ಆಟದ ಬಯಲಿನ ಬೈಗುಳಗಳು



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂಬುದು ನಮ್ಮ ಶಾಲೆಯ ವಾಡಿಕೆ. ಅಂತಹ ಲೇಖನಗಳಲ್ಲಿ ಕಟ್ಟಡದ ವಿಚಾರ, ಪರೀಕ್ಷೆಯ ಫಲಿತಾಂಶದ ವಿಚಾರ, ಶಿಸ್ತಿನ ವಿಚಾರ ಇವು ಬರುವುದು ಸಹಜ. ಈ ಸಲ ಇವೆಲ್ಲವನ್ನೂ ವಾರ್ಷಿಕ ವರದಿಗೆ ಬಿಟ್ಟುಕೊಟ್ಟು, ಯಾವ ವರದಿಯಲ್ಲಿಯೂ ಎಂದೂ ಬಾರದ ಒಂದು ವಿಷಯವನ್ನು ನಾವು ಎತ್ತಿಕೊಂಡಿದ್ದೇವೆ. ಆಟದ ಬಯಲಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಆಡಿಕೊಳ್ಳುವ ಮಾತುಗಳು, ಅವುಗಳಲ್ಲಿಯೂ ವಿಶೇಷವಾಗಿ ಬೈಗುಳಗಳು, ಇದೇ ಆ ವಿಷಯ. ಮುಖ್ಯೋಪಾಧ್ಯಾಯಿನಿಯ ಲೇಖನಿಯಿಂದ ಇಂತಹ ವಿಷಯ ಹೊರಡಬಹುದೇ ಎಂದು ಯಾರಾದರೂ ಹುಬ್ಬೇರಿಸಿದರೆ, ಅವರು ಕಡೆಯವರೆಗೆ ಓದುವ ತಾಳ್ಮೆಯನ್ನು ತೋರಬೇಕೆಂದು ಬೇಡಿಕೊಳ್ಳುತ್ತೇವೆ.

ಈ ಯೋಚನೆ ನಮ್ಮಲ್ಲಿ ಹುಟ್ಟಿದ್ದು ಕಳೆದ ವರ್ಷದ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ. ಚಹಾದ ಹೊತ್ತಿನಲ್ಲಿ ನಲವತ್ತು ದಾಟಿದ ಗೃಹಿಣಿಯರು, ದಾದಿಯರು, ಬ್ಯಾಂಕಿನ ಅಧಿಕಾರಿಣಿಯರು, ಮೂವತ್ತು ವರ್ಷಗಳ ಹಿಂದಿನ ಅಡ್ಡಹೆಸರುಗಳಿಂದ ಒಬ್ಬರನ್ನೊಬ್ಬರು ಕೂಗಿ ಕರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬರು ‘ಸೋಡಾಬುಡ್ಡಿ’, ಇನ್ನೊಬ್ಬರು ‘ಡುಮ್ಮಿ’, ಮತ್ತೊಬ್ಬರು ‘ಅಳುಬುರುಕಿ’. ನಾವೂ ನಕ್ಕೆವು. ಆ ನಗೆಯ ನಡುವೆ ಯಾರೋ ಕೇಳಿದರು: “ಆ ಕಾಗೆ ಎಲ್ಲಿದ್ದಾಳೆ? ಯಾವ ಕೂಟಕ್ಕೂ ಬರಲೇ ಇಲ್ಲವಲ್ಲ!” ಒಡನೆಯೇ ಮೇಜಿನ ಸುತ್ತ ಒಂದು ಕ್ಷಣ ಮೌನ ನೆಲೆಸಿತು, ಆಮೇಲೆ ಮಾತು ಬೇರೆ ಕಡೆಗೆ ಹೊರಳಿತು. ಆ ಪ್ರಶ್ನೆಗೆ ಉತ್ತರ ನಮಗೆ ತಿಳಿದಿತ್ತು. ಅದನ್ನು ಅಲ್ಲಿ ಹೇಳುವ ಧೈರ್ಯ ನಮಗೆ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸವಿಯಾದ ಮಾತುಗಳನ್ನು ನೆನೆಯೋಣ. ನಾವು ಓದಿದ್ದು ಇದೇ ಶಾಲೆಯಲ್ಲಿ, 1990ರ ಆಚೀಚಿನ ವರ್ಷಗಳಲ್ಲಿ. ತೂಗುಹಾಕಿದ ರೈಲುಕಂಬಿಯ ತುಂಡಿನ ಮೇಲೆ ಜವಾನನು ಬಾರಿಸಿದ ಗಂಟೆ ಕೇಳಿದೊಡನೆ, ಇಷ್ಟು ಹೊತ್ತು ಗ್ರಾಂಥಿಕ ಭಾಷೆಯಲ್ಲಿ ಪಾಠ ಒಪ್ಪಿಸುತ್ತಿದ್ದ ಬಾಲಿಕೆಯರು ಬಯಲಿಗಿಳಿದು ಬೇರೊಂದು ಭಾಷೆಗೆ ಒಡೆಯರಾಗುತ್ತಿದ್ದರು. ಆ ಭಾಷೆಯನ್ನು ಯಾವ ಉಪಾಧ್ಯಾಯಿನಿಯೂ ಕಲಿಸಿದ್ದಲ್ಲ. ಏಳನೆಯ ತರಗತಿಯವರಿಂದ ಐದನೆಯವರಿಗೆ, ಐದನೆಯವರಿಂದ ಮೂರನೆಯವರಿಗೆ ಅದು ತಾನಾಗಿಯೇ ಇಳಿದು ಬರುತ್ತಿತ್ತು. ಜೂಟಾಟದಲ್ಲಿ ಲಂಗದ ದಾರ ಬಿಚ್ಚಿಹೋದರೆ ‘ಟೈಂ ಪ್ಲೀಸ್’ ಎಂದು ಕೂಗಿದರೆ ಸಾಕು. ಅಟ್ಟಿಸಿಕೊಂಡು ಬರುತ್ತಿದ್ದವಳು ಎಷ್ಟೇ ಹತ್ತಿರದಲ್ಲಿದ್ದರೂ ನಿಂತುಬಿಡಬೇಕು. ನಿಲ್ಲದವಳು ಮೋಸಗಾತಿ. ಇಂಗ್ಲಿಷ್ ಅರಿಯದ ಹಳ್ಳಿಯ ಹುಡುಗಿಯ ಬಾಯಲ್ಲಿಯೂ ಆ ಎರಡು ಪದಗಳು ಒಂದೇ ಪದವಾಗಿ, ಮಂತ್ರದಂತೆ ಕೆಲಸ ಮಾಡುತ್ತಿದ್ದುವು.

ಇಂತಹ ಮಾತುಗಳನ್ನು ವಿದ್ವಾಂಸರು ಕಡೆಗಣಿಸಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬ್ರಿಟನ್ನಿನಲ್ಲಿ ಅಯೋನಾ ಓಪಿ, ಪೀಟರ್ ಓಪಿ ಎಂಬ ದಂಪತಿಗಳು ಸುಮಾರು 70 ಶಾಲೆಗಳ 5,000 ಮಕ್ಕಳಿಂದ ಆಟದ ಮಾತು, ಅಡ್ಡಹೆಸರು, ಮೂದಲಿಕೆಗಳನ್ನು ಸಂಗ್ರಹಿಸಿ 1959ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ನಮ್ಮ ‘ಟೈಂ ಪ್ಲೀಸ್’ ಮಾಡುವ ಕೆಲಸವನ್ನು ಅಲ್ಲಿ ಒಂದು ಸೀಮೆಯ ಮಕ್ಕಳಿಗೆ ‘ಬಾರ್ಲಿ’ ಎಂಬ ಪದವೂ, ಇನ್ನೊಂದು ಸೀಮೆಯ ಮಕ್ಕಳಿಗೆ ‘ಫೇನೈಟ್ಸ್’ ಎಂಬ ಪದವೂ ಮಾಡಿಕೊಡುತ್ತಿದ್ದುವೆಂದು ಅವರು ತೋರಿಸಿದರು. ದೊಡ್ಡವರ ಗಮನಕ್ಕೆ ಬಾರದೆ, ಒಂದು ಪುಸ್ತಕದಲ್ಲಿಯೂ ಅಚ್ಚಾಗದೆ, ಮಕ್ಕಳ ಬಾಯಿಂದ ಮಕ್ಕಳ ಬಾಯಿಗೆ ಮಾತುಗಳು ತಲೆಮಾರುಗಟ್ಟಲೆ ಉಳಿದುಬರುತ್ತವೆಂಬುದು ಅವರ ಶೋಧನೆಯ ಸಾರ.

ನಮ್ಮ ಬಯಲಿನಲ್ಲಿಯೂ ಹಾಗೆಯೇ ಇತ್ತು. ಜಗಳವಾದರೆ ನಮ್ಮ ಸೀಮೆಯವರು ಕಿರುಬೆರಳು ತೋರಿಸಿ ‘ಟೂ’ ಬಿಡುತ್ತಿದ್ದರು. ಬೆಳಗಾವಿಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ ಮರಾಠಿಯ ‘ಕಟ್ಟಿ’ಯನ್ನು ತಂದಿದ್ದಳು. ಕೋಲಾರದ ಚಿನ್ನದ ಗಣಿಯಿಂದ ಬಂದಿದ್ದ, ಮನೆಯಲ್ಲಿ ತಮಿಳನ್ನಾಡುತ್ತಿದ್ದ ಅಕ್ಕತಂಗಿಯರು ಜಗಳಕ್ಕೆ ‘ಕಾಯ್’ ಎಂದೂ ರಾಜಿಗೆ ‘ಪಳಂ’ ಎಂದೂ ಹೇಳುತ್ತಿದ್ದರು. ಸ್ನೇಹ ಕೆಟ್ಟರೆ ಕಾಯಿ, ಕೂಡಿಕೊಂಡರೆ ಹಣ್ಣು! ಎಂತಹ ಕವಿಗೂ ಇದಕ್ಕಿಂತ ಚೆನ್ನಾದ ಉಪಮಾನ ಸಿಕ್ಕುವುದು ಕಷ್ಟ. ಮೂರು ಭಾಷೆಗಳ ಈ ಮೂರು ಮುನಿಸುಗಳೂ ಸಂಜೆಯ ಗಂಟೆಗೆ ಮುನ್ನವೇ ಮುಗಿದು, ನೆಲ್ಲಿಕಾಯಿ ಉಪ್ಪಿನೊಡನೆ ಕರಗಿಹೋಗುತ್ತಿದ್ದುವು.

ಇನ್ನೆರಡು ಮಾತುಗಳನ್ನು ನಾವು ಮರೆಯಲಾರೆವು. ಅಕ್ಕನ ಬೆನ್ನು ಹತ್ತಿ ಆಟಕ್ಕೆ ಬಂದ ಪುಟ್ಟ ತಂಗಿಯನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವು. ಅವಳು ಓಡಬಹುದು, ಕೂಗಬಹುದು, ಬಿಲ್ಲೆ ಎಸೆಯಬಹುದು. ಸೋತರೆ ಮಾತ್ರ ಅವಳಿಗೆ ಸೋಲಿಲ್ಲ. ದೊಡ್ಡವರು ಈ ಮಾತನ್ನು ಈಗ ಕೈಲಾಗದವನನ್ನು ಹಂಗಿಸಲು ಬಳಸುತ್ತಾರೆ. ಆದರೆ ಅದರ ಹುಟ್ಟು ದಯೆಯಲ್ಲಿದೆ. ಎರಡನೆಯದು ‘ಕಾಗೆ ಎಂಜಲು’. ಒಂದೇ ಪೆಪ್ಪರ್‌ಮೆಂಟನ್ನು ಇಬ್ಬರು ಹಂಚಿಕೊಳ್ಳಬೇಕಾದರೆ, ಅದನ್ನು ಲಂಗದ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿನಿಂದ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುವುದು. ಬಾಯಿಯ ನೀರು ಸೋಕಲಿಲ್ಲವಾದ್ದರಿಂದ ಅದು ಎಂಜಲಲ್ಲ. ಕಾಗೆ ಎಂಜಲು ಮಾತ್ರ. ಕೆಲವರು ಇದನ್ನೇ ‘ಗುಬ್ಬಿ ಎಂಜಲು’ ಎನ್ನುತ್ತಿದ್ದರು. ಎಂಜಲು, ಮೈಲಿಗೆ, ಮುಟ್ಟು ಎಂದು ಹಿರಿಯರು ಕಟ್ಟಿದ ಬೇಲಿಯ ಕೆಳಗೆ ಮಕ್ಕಳು ನುಸುಳಿಹೋಗಲು ಮಾಡಿಕೊಂಡ ಒಂದು ಕಿಂಡಿ ಇದು. ಆ ಕಿಂಡಿಯಿಂದ ಎಷ್ಟು ಪೆಪ್ಪರ್‌ಮೆಂಟುಗಳು, ಎಷ್ಟು ಸ್ನೇಹಗಳು ಈಚೆಗೆ ಬಂದವೆಂಬುದನ್ನು ಎಣಿಸಿದವರು ಯಾರು?

ಈಗ ಬೈಗುಳಗಳ ಮಾತಿಗೆ ಬರೋಣ. ಕನ್ನಡದ ಬಾಲಿಕೆಗೆ ಬೈಗುಳಗಳ ಬಡತನ ಎಂದೂ ಇರಲಿಲ್ಲ. ವ್ಯಾಕರಣದ ತರಗತಿಯಲ್ಲಿ ತದ್ಧಿತಾಂತಗಳಿಗೆ ಉದಾಹರಣೆ ಕೇಳಿದರೆ ನಾವು ‘ಬಳೆಗಾರ, ಹಾವಾಡಿಗ, ಸಿರಿವಂತ’ ಎಂದು ತಡವರಿಸುತ್ತಿದ್ದೆವು. ಬಯಲಿಗೆ ಇಳಿದರೆ ಸಾಕು, ಅಳುಬುರುಕಿ, ಸುಳ್ಳುಬುರುಕಿ, ತಿಂಡಿಪೋತಿ, ಜಗಳಗಂಟಿ, ಹೊಟ್ಟೆಬಾಕಿ, ಚಾಡಿಕೋರಿ ಎಂದು ವ್ಯಾಕರಣವೇ ನಮ್ಮ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಲಂಚಕೋರನಲ್ಲಿಯೂ ಚಾಡಿಕೋರನಲ್ಲಿಯೂ ಇರುವ ‘ಕೋರ’ ಎಂಬುದು ಪಾರಸಿಯಿಂದ ಬಂದ, ‘ತಿನ್ನುವವನು’ ಎಂಬ ಅರ್ಥದ ಪ್ರತ್ಯಯವೆಂದು ಉಪಾಧ್ಯಾಯಿನಿಯಾದ ಮೇಲೆ ನಮಗೆ ತಿಳಿಯಿತು. ಚಾಡಿಯನ್ನೇ ಊಟ ಮಾಡುವವಳು! ಅರ್ಥ ತಿಳಿಯದೆಯೇ ನಾವು ಎಷ್ಟು ಸರಿಯಾಗಿ ಬೈದಿದ್ದೆವು! ಮಿಷನಿನ ಪಂಡಿತರಾಗಿದ್ದ ಕಿಟ್ಟೆಲರು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದ ಮಹಾಕೋಶದಲ್ಲಿ ಕಾವ್ಯದ ಪದಗಳ ಜೊತೆಗೆ ಬೀದಿಯ ಮಾತಿಗೂ ಗಾದೆಗೂ ಸ್ಥಳ ಕೊಟ್ಟರಷ್ಟೆ. ಮಕ್ಕಳ ಬಾಯಿಯ ಮಾತೆಂದು ಮೂಗು ಮುರಿಯುವ ನಾವು ಆ ಹಿರಿಯರಿಂದ ಕಲಿಯಬೇಕಾದದ್ದಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮೇಲೆ ಹೇಳಿದ ಬೈಗುಳಗಳೆಲ್ಲವೂ ಒಂದು ನಡತೆಯನ್ನು ಕುರಿತದ್ದು. ಅತ್ತರೆ ಅಳುಬುರುಕಿ, ಅಳು ನಿಂತರೆ ಆ ಹೆಸರೂ ನಿಂತಿತು. ಚಾಡಿ ಹೇಳುವುದನ್ನು ಬಿಟ್ಟವಳು ನಾಳೆಯಿಂದ ಚಾಡಿಕೋರಿಯಲ್ಲ. ಬೈಸಿಕೊಂಡವಳಿಗೂ ತಿರುಗಿ ಬೈಯಲು ಬಾಯಿತ್ತು. ಹೊರಗೆ ಬರಲು ಬಾಗಿಲಿತ್ತು. ಕತ್ತೆ, ಕೋತಿ, ಎಮ್ಮೆ, ಗೂಬೆಗಳಂತೂ ಎಲ್ಲರಿಗೂ ಸರದಿಯ ಮೇಲೆ ಸಿಕ್ಕುವ ಬಿರುದುಗಳಾಗಿದ್ದುವು. ಆದಾಗ್ಯೂ ಆ ಕಾಲದ ಹಾಸ್ಟೆಲಿನಲ್ಲಿ ದಂಡ ಬೀಳುತ್ತಿದ್ದುದು ಇವುಗಳಿಗೇ. ‘ಕತ್ತೆ’ ಎಂದವಳು ಡಬ್ಬಿಗೆ ಹತ್ತು ಪೈಸೆ ಹಾಕಬೇಕಿತ್ತು. ‘ಟೂ’ ಬಿಟ್ಟವರನ್ನು ಮೊಣಕಾಲೂರಿಸಿದ್ದೂ ಉಂಟು.

ದಂಡ ಬೀಳದೆ ಇದ್ದ ಮಾತುಗಳು ಬೇರೆಯಾಗಿದ್ದುವು. ಅವುಗಳನ್ನು ಯಾರೂ ಬೈಗುಳಗಳೆಂದು ಎಣಿಸಿರಲೇ ಇಲ್ಲ. ಕಾಲು ಎಳೆದು ನಡೆಯುತ್ತಿದ್ದ ಹುಡುಗಿಗೆ ‘ಕುಂಟಿ’ ಎಂಬುದು ಹೆಸರೇ ಆಗಿತ್ತು. ಹಾಜರಿಯ ಹೊತ್ತಿನಲ್ಲಿ ಮಾತ್ರ ಅವಳ ನಿಜವಾದ ಹೆಸರು ಕೇಳಿಬರುತ್ತಿತ್ತು. ತಂದೆಯ ಕಸುಬಿನ ಹೆಸರು, ಹುಟ್ಟಿದ ಕೇರಿಯ ಹೆಸರು, ಮೂಗಿನ ಮೇಲೆ ಬೆರಳಿಡುವ ಒಂದು ಸನ್ನೆ, ಇಷ್ಟರಿಂದಲೇ ಒಂದು ಮಗುವಿಗೆ ತನ್ನ ಜಾಗ ಯಾವುದೆಂದು ತಿಳಿಸಿಬಿಡುತ್ತಿದ್ದೆವು. ಹುಣಸೆಯ ಮರವೇರಿದವಳು ‘ಗಂಡುಬೀರಿ’; ತರಗತಿಯಲ್ಲಿ ಎರಡು ಪ್ರಶ್ನೆ ಕೇಳಿದವಳು ‘ಬಜಾರಿ’. ಈ ಎರಡು ಪದಗಳಿಗೆ ಪುಲ್ಲಿಂಗ ರೂಪವಿಲ್ಲವೆಂಬುದನ್ನು ತಾಯಂದಿರು ಯೋಚಿಸಬೇಕು. ಹುಡುಗನು ಮರವೇರಿದರೆ ಅದಕ್ಕೊಂದು ಬೈಗುಳ ನಮ್ಮ ಭಾಷೆಯಲ್ಲಿ ಬೇಕಾಗಲಿಲ್ಲ. ಅವನು ಅತ್ತರೆ ಮಾತ್ರ ಬೇಕಾಯಿತು. ಆಗ ಅವನನ್ನು ‘ಹೆಣ್ಣಿಗ’ ಎಂದರು. ಹೀಗೆ ಅಣ್ಣನಿಗೆ ಬೈಗುಳವಾಗಿ ತನ್ನ ಕುಲದ ಹೆಸರನ್ನೇ ಕೇಳಿಕೊಂಡು ಬೆಳೆಯುವ ತಂಗಿಯು ತನ್ನ ಬೆಲೆಯನ್ನು ಎಷ್ಟೆಂದು ಕಟ್ಟಿಕೊಂಡಾಳು?

ಇನ್ನು ‘ಕಾಗೆ’ಯ ಕಥೆ. ಅವಳು ನಮ್ಮ ತರಗತಿಯಲ್ಲಿ ಓದುತ್ತಿದ್ದ ಹುಡುಗಿ. ಅವಳ ತಾಯಿ ಇದೇ ಬಯಲನ್ನು ದಿನವೂ ಬೆಳಿಗ್ಗೆ ಗುಡಿಸುತ್ತಿದ್ದರು. ಮೈಬಣ್ಣ ಕಪ್ಪು. ಕಂಠ ಬಹಳ ಇಂಪು. ಆರನೆಯ ತರಗತಿಯಲ್ಲಿದ್ದಾಗ ಒಂದು ದಿನ, ಕ್ರಿಸ್ಮಸ್ ಗೀತೆಗಳ ಅಭ್ಯಾಸದಲ್ಲಿ ಸಂಗೀತದ ಮಿಸ್ ಅವಳನ್ನು ಮುಂದಿನ ಸಾಲಿಗೆ ಕರೆದು, ಮುಂದೆ ನಿಂತಿದ್ದ ಇನ್ನೊಬ್ಬಳನ್ನು ಹಿಂದಕ್ಕೆ ಕಳುಹಿಸಿದರು. ಹಿಂದಕ್ಕೆ ಹೋದವಳು ಬಿಡುವಿನ ಹೊತ್ತಿನಲ್ಲಿ, “ಕಾಗೆಯೂ ಹಾಡಲು ಶುರುಮಾಡಿತು, ನೋಡಿರೇ!” ಎಂದಳು. ಎಲ್ಲರೂ ನಕ್ಕರು. ಆ ಹೆಸರು ಅಂಟಿಕೊಂಡಿತು. ಈ ಲೇಖನದ ಉದ್ದಕ್ಕೂ ‘ನಾವು’ ಎಂದು ಬರೆಯುತ್ತ ಬಂದಿದ್ದೇವೆ. ಈ ಒಂದು ಕಡೆ ಆ ಪದದ ಹಿಂದೆ ಅಡಗಿಕೊಳ್ಳುವುದು ನ್ಯಾಯವಲ್ಲ. ಆ ಮಾತನ್ನು ಆಡಿದ ಬಾಯಿ ಇದನ್ನು ಬರೆಯುತ್ತಿರುವವಳದೇ.

ಆ ಮೇಲೆ ನಡೆದದ್ದು ಯಾವ ದಾಖಲೆಯಲ್ಲಿಯೂ ಇಲ್ಲ. ಅವಳು ಅಳಲಿಲ್ಲ, ತಿರುಗಿ ಬೈಯಲಿಲ್ಲ, ‘ಟೂ’ ಬಿಡಲಿಲ್ಲ. ಟೂ ಬಿಡಬೇಕಾದರೂ ಮೊದಲು ಸ್ನೇಹವಿರಬೇಕಷ್ಟೆ. ಮರುವಾರದಿಂದ ಅವಳು ಹಾಡಿನ ಗುಂಪಿನಲ್ಲಿ ಬಾಯಿ ಅಲುಗಿಸುತ್ತಿದ್ದಳು, ಸ್ವರ ಹೊರಡುತ್ತಿರಲಿಲ್ಲ. ಅದಕ್ಕೂ ದಾರುಣವಾದ ಒಂದು ಸಂಗತಿ ಆಗ ನಮ್ಮ ಗಮನಕ್ಕೆ ಬಾರದೆ, ಈಗ ನೆನೆದಾಗ ಎದೆಗೆ ನಾಟುತ್ತದೆ. ಎಲ್ಲರೂ ಎಲ್ಲರೊಡನೆ ‘ಕಾಗೆ ಎಂಜಲು’ ಮಾಡಿ ತಿನ್ನುತ್ತಿದ್ದ ಆ ಬಯಲಿನಲ್ಲಿ, ಅವಳು ಕೊಟ್ಟ ತುಂಡನ್ನು ತೆಗೆದುಕೊಂಡವರು ಒಬ್ಬರೂ ಇರಲಿಲ್ಲ. ಒಂದೇ ಹಕ್ಕಿಯ ಹೆಸರಿನಿಂದ ನಾವು ನಮ್ಮೊಳಗೆ ಬೇಲಿಯನ್ನು ದಾಟಿದೆವು, ಅವಳಿಗೆ ಬೇಲಿಯನ್ನು ಕಟ್ಟಿದೆವು. ಹತ್ತು ಪೈಸೆಯ ಡಬ್ಬಿಯಲ್ಲಿ ಈ ಪದಕ್ಕಾಗಿ ಒಂದು ಕಾಸೂ ಬೀಳಲಿಲ್ಲ. ಅಡ್ಡಹೆಸರು ಬೈಗುಳವಲ್ಲವೆಂಬುದು ಆ ಕಾಲದ ತೀರ್ಪಾಗಿತ್ತು.

ಆದಕಾರಣ ನಾವು ಕಂಡುಕೊಂಡಿರುವ ನಿಯಮ ಇಷ್ಟೆ. ಒಂದು ಮಾತು ಒರಟಾಗಿದೆಯೇ ನಯವಾಗಿದೆಯೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಆ ಮಾತನ್ನು ಆಡಿದ ಮೇಲೆ, ಆಡಿಸಿಕೊಂಡ ಮಗು ಆಟದೊಳಗೆ ಉಳಿದಿದೆಯೇ, ಆಟದಿಂದ ಹೊರಗಾಯಿತೇ ಎಂದು ಕೇಳಬೇಕು. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ಕೈಲಾಗದವಳನ್ನು ಒಳಕ್ಕೆ ಕರೆಯಿತು. ‘ಕಾಗೆ’ ಎಂಬ ಮಾತು ಎಲ್ಲರಿಗಿಂತ ಚೆನ್ನಾಗಿ ಹಾಡಬಲ್ಲವಳನ್ನು ಹೊರಕ್ಕೆ ಹಾಕಿತು. ನಡತೆಗೆ ಬಿದ್ದ ಬೈಗುಳ ನಡತೆಯೊಡನೆ ಹೋಗುತ್ತದೆ. ಹುಟ್ಟಿಗೆ, ಬಣ್ಣಕ್ಕೆ, ಅಂಗಕ್ಕೆ, ತಾಯಿತಂದೆಯ ಕೆಲಸಕ್ಕೆ ಬಿದ್ದ ಬೈಗುಳವನ್ನು ಮಗು ಎಲ್ಲಿ ಇಳಿಸೀತು?

ಇದು ನಮ್ಮ ಹೊಸ ಶೋಧನೆಯೆಂದು ಹೆಮ್ಮೆ ಪಡುವಂತಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ವರ್ಷಕ್ಕೊಮ್ಮೆಯಾದರೂ ನಾವು ಕೇಳುವ ಪರ್ವತ ಪ್ರಸಂಗದಲ್ಲಿ, ನರಹತ್ಯದ ವಿಷಯದ ಬೆನ್ನಿಗೇ ಬೈಗುಳದ ವಿಷಯ ಬರುತ್ತದೆ. ಗ್ರೀಕ್ ಭಾಷೆಯಲ್ಲಿ ಬರೆಯುತ್ತಿದ್ದ ಮತ್ತಾಯನ ಸುವಾರ್ತೆಯು ಅಲ್ಲಿ ‘ರಕಾ’ ಎಂಬ ಅರಾಮಿಕ್ ಬೈಗುಳವನ್ನು ಭಾಷಾಂತರಿಸದೆ ಹಾಗೆಯೇ ಉಳಿಸಿಕೊಂಡಿದೆ. ಆ ಪದಕ್ಕೆ ಬರಿದಾದ ತಲೆಯವನು, ಕೆಲಸಕ್ಕೆ ಬಾರದವನು ಎಂದರ್ಥ. ಎರಡು ಸಾವಿರ ವರ್ಷಗಳ ಹಿಂದೆ ಗಲಿಲಾಯದ ಬೀದಿಯ ಹುಡುಗರ ಬಾಯಲ್ಲಿದ್ದಿರಬಹುದಾದ ಒಂದು ಪದ ನಮ್ಮ ಕಿವಿಯವರೆಗೂ ಬಂದಿದೆ. ಅಷ್ಟಾದರೂ ಅದನ್ನು ಕೇಳಿ ಬಯಲಿಗಿಳಿದ ನಾವು ಐದು ನಿಮಿಷದೊಳಗೆ ಅದರದೇ ಕನ್ನಡ ರೂಪವನ್ನು ಕೂಗುತ್ತಿದ್ದೆವೆಂದ ಮೇಲೆ, ಬರಿಯ ಉಪದೇಶದಿಂದ ಆಗುವ ಪ್ರಯೋಜನ ಎಷ್ಟೆಂಬುದು ಸ್ಪಷ್ಟವಾಗಿಯೇ ಇದೆ.

ಮಕ್ಕಳಿಗೆ ಈ ಮಾತುಗಳು ಎಲ್ಲಿಂದ ಬಂದುವು? ‘ಟೂ’ ಎಂಬುದನ್ನು ಮಕ್ಕಳೇ ಮಾಡಿಕೊಂಡರು. ‘ಕಾಗೆ ಎಂಜಲ’ನ್ನು ಮಕ್ಕಳೇ ಮಾಡಿಕೊಂಡರು. ಬಣ್ಣದ ಬೈಗುಳವನ್ನು, ಕೇರಿಯ ಬೈಗುಳವನ್ನು ಮಕ್ಕಳು ಮಾಡಿದ್ದಲ್ಲ. ಅವು ಮನೆಯಿಂದ ಬುತ್ತಿಯ ಡಬ್ಬಿಯೊಡನೆ ಬಂದುವು. “ಬಿಸಿಲಿಗೆ ಹೋಗಬೇಡ, ಕಪ್ಪಾದರೆ ಯಾರು ಮದುವೆಯಾಗುತ್ತಾರೆ?” ಎಂದು ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬಯಲಿಗೆ ತಂದಳು. ಇದು ಅಜ್ಜಿಯೊಬ್ಬಳ ದೋಷವೂ ಅಲ್ಲ. ಹತ್ತಾರು ವರ್ಷ ನಮ್ಮ ಮನೆಗಳ ಕನ್ನಡಿಯ ಮುಂದೆ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪದ ಕೊಳವೆಯಿತ್ತು. 2020ರಲ್ಲಿ ಅದರ ಕಂಪನಿಯವರು ಆ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿದರು. ಕೊಳವೆಯ ಮೇಲಿನಿಂದ ಪದ ಹೋದಷ್ಟು ಬೇಗ ಮನೆಯ ಮಾತಿನಿಂದ ಹೋಗಿದೆಯೇ ಎಂಬುದನ್ನು ಪೋಷಕರೇ ಹೇಳಬೇಕು.

ಪೋಷಕರನ್ನು ಮಾತ್ರ ದೂರಿ ನಮ್ಮ ವೃತ್ತಿಯವರನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ. ‘ಮಂಕುದಿಣ್ಣೆ’, ‘ನಿನ್ನ ತಲೆಯಲ್ಲಿ ಮಣ್ಣಿದೆಯೇ?’, ‘ನಿಮ್ಮಂಥವರಿಗೆಲ್ಲ ಓದು ಏಕೆ?’ ಎಂಬಿವು ಬಯಲಿನಲ್ಲಿ ಹುಟ್ಟಿದ ಮಾತುಗಳಲ್ಲ. ಕರಿಹಲಗೆಯ ಮುಂದೆ ಹುಟ್ಟಿದವು. ಅದರಲ್ಲಿಯೂ ‘ನಿಮ್ಮಂಥವರು’ ಎಂಬ ಒಂದು ಪದದಲ್ಲಿ ಎಷ್ಟು ಕೇರಿಗಳು, ಎಷ್ಟು ತಲೆಮಾರುಗಳು ಅಡಗಿವೆ! ಉಪಾಧ್ಯಾಯರು ಯಾರನ್ನು ಗೇಲಿ ಮಾಡುತ್ತಾರೋ ಅವರನ್ನು ಗೇಲಿ ಮಾಡುವುದಕ್ಕೆ ಪರವಾನಗಿ ಸಿಕ್ಕಿತೆಂದು ಮಕ್ಕಳು ತಿಳಿಯುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೇಹದಂಡನೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಸುಲಭ. ನಾಲಿಗೆಗೆ ಬೀರು ಎಲ್ಲಿದೆ?

“ನಮ್ಮ ಕಾಲದಲ್ಲಿ ಇದೆಲ್ಲ ಸಾಮಾನ್ಯವಾಗಿತ್ತು. ನಾವೇನು ಹಾಳಾಗಿ ಹೋದೆವೆ? ಈಗಿನ ಮಕ್ಕಳು ಮೃದುವಾಗಿಬಿಟ್ಟಿದ್ದಾರೆ” ಎಂದು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ‘ಡುಮ್ಮಿ’ಯೂ ‘ಸೋಡಾಬುಡ್ಡಿ’ಯೂ ಕೂಟಕ್ಕೆ ಬಂದು ನಕ್ಕದ್ದೇ ಅದಕ್ಕೆ ಸಾಕ್ಷಿ. ಸಣ್ಣಪುಟ್ಟ ಚುಚ್ಚುಮಾತನ್ನು ಸಹಿಸಿ ತಿರುಗಿ ಉತ್ತರ ಕೊಡುವುದು ಬಾಳಿಗೆ ಬೇಕಾದ ವಿದ್ಯೆಯೇ ಸರಿ. ಬಯಲೇ ಆ ವಿದ್ಯೆಯ ಪಾಠಶಾಲೆ. ಉಳಿದ ಅರ್ಧವನ್ನು ಕೇಳಬೇಕಾದರೆ ಕೂಟಕ್ಕೆ ಬಾರದವರನ್ನು ಕೇಳಬೇಕು. ನಗಲು ಬಂದವರ ಲೆಕ್ಕವನ್ನು ಮಾತ್ರ ಹಿಡಿದು, ಯಾರಿಗೂ ನೋವಾಗಲಿಲ್ಲವೆಂದು ಹೇಳುವ ಗಣಿತ ಸರಿಯಾದುದಲ್ಲ.

ಇಷ್ಟಲ್ಲದೆ, ದೇಶದ ಕಾನೂನು ಸಹ ಈಗ ಇಂತಹ ಮಾತುಗಳನ್ನು ಹುಡುಗಾಟವೆಂದು ಬಿಟ್ಟಿಲ್ಲ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು 1950ರಲ್ಲಿಯೇ ರದ್ದುಗೊಳಿಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯು, ಆ ವರ್ಗದವರನ್ನು ಜನರ ಕಣ್ಣೆದುರಿಗೆ ಜಾತಿಯ ಹೆಸರು ಹಿಡಿದು ನಿಂದಿಸುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಅವರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದವರಿಗೆ ಆರು ತಿಂಗಳಿಗೆ ಕಡಮೆಯಿಲ್ಲದ ಸೆರೆವಾಸವನ್ನು ವಿಧಿಸುತ್ತದೆ. ಹತ್ತು ವರ್ಷದ ಹುಡುಗಿಗೆ ಕಾನೂನಿನ ಹೆದರಿಕೆಯಿಂದ ಒಳ್ಳೆಯ ಮಾತನ್ನು ಕಲಿಸಬೇಕೆಂಬುದು ನಮ್ಮ ಮತವಲ್ಲ. ಅವಳು ದೊಡ್ಡವಳಾದ ಮೇಲೆ ಕಾನೂನು ಅಪರಾಧವೆನ್ನುವ ಮಾತನ್ನು, ಬಾಲ್ಯದಲ್ಲಿ ತಮಾಷೆಯೆಂದು ನಾವೇ ಅವಳಿಗೆ ರೂಢಿ ಮಾಡಿಸುವುದು ನ್ಯಾಯವೇ ಎಂದು ಮಾತ್ರ ಕೇಳುತ್ತೇವೆ.

ಈಗಿನ ಕಾಲಕ್ಕೆ ಇನ್ನೊಂದು ತೊಡಕು ಸೇರಿದೆ. ನಮ್ಮ ‘ಟೂ’ಗೆ ಗಂಟೆಯಿತ್ತು. ನಾಲ್ಕೂವರೆಗೆ ರೈಲುಕಂಬಿ ಬಾರಿಸಿದೊಡನೆ ಅದು ಮನೆಗೆ ಹೊರಡುತ್ತಿತ್ತು. ಆಡಿದ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಇಂದಿನ ಬಾಲಿಕೆಯ ಬಯಲು ತಾಯಿಯ ಮೊಬೈಲಿನೊಳಗೂ ಹರಡಿದೆ. ವಾಟ್ಸ್ಆ್ಯಪ್ ಗುಂಪಿನಿಂದ ಒಬ್ಬಳನ್ನು ತೆಗೆದುಹಾಕಿದರೆ ಅದೇ ಈ ಕಾಲದ ‘ಟೂ’. ಅಲ್ಲಿ ಬರೆದ ಅಡ್ಡಹೆಸರು ರಾತ್ರಿ ಹತ್ತು ಗಂಟೆಗೂ ಅವಳ ದಿಂಬಿನ ಪಕ್ಕದಲ್ಲಿ ಬೆಳಗುತ್ತಿರುತ್ತದೆ. ಅಲ್ಲಿ ಗಂಟೆ ಬಾರಿಸುವ ಜವಾನನಿಲ್ಲ, ‘ಟೈಂ ಪ್ಲೀಸ್’ ಎಂದರೆ ನಿಲ್ಲುವವರಿಲ್ಲ, ಎದುರಿಗಿದ್ದವಳ ಮುಖ ಸಪ್ಪಗಾದದ್ದನ್ನು ಕಂಡು ನಾಚಿಕೊಳ್ಳುವ ಅವಕಾಶವೂ ಇಲ್ಲ. ಆದುದರಿಂದ ಮಕ್ಕಳನ್ನು ಬಯಲಿನಿಂದ ಒಳಕ್ಕೆ ಎಳೆದು ತಂದರೆ ಬೈಗುಳದಿಂದ ಉಳಿಸಿದಂತಾಯಿತೆಂದು ಯಾರೂ ಭಾವಿಸಬಾರದು.

ಹಾಗಾದರೆ ನಾವು ಮಾಡತಕ್ಕದ್ದೇನು? ಪದಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಇವನ್ನು ಆಡಕೂಡದೆಂದು ಆಜ್ಞೆ ಮಾಡುವುದರಲ್ಲಿ ನಮಗೆ ನಂಬಿಕೆಯಿಲ್ಲ. ಪಟ್ಟಿಯನ್ನು ಓದಿ ತಮಗೆ ಗೊತ್ತಿಲ್ಲದ ನಾಲ್ಕು ಪದಗಳನ್ನು ಮಕ್ಕಳು ಕಲಿತಾರು, ಅಷ್ಟೆ. ಹತ್ತು ಪೈಸೆಯ ಡಬ್ಬಿಯನ್ನು ನಾವು ಕಂಡಿದ್ದೇವೆ. ನಮ್ಮ ಬೇಡಿಕೆಗಳು ಮೂರು. ತಾಯಿತಂದೆಗಳು ಮನೆಯಲ್ಲಿ ಅಡಿಗೆಯವಳನ್ನು, ಕಸ ತೆಗೆಯುವವರನ್ನು, ನೆರೆಯವರ ಮಗಳ ಬಣ್ಣವನ್ನು ಕುರಿತು ಆಡುವ ಮಾತನ್ನು, ಮಗಳು ಬಯಲಿಗೆ ಒಯ್ಯಲಿದ್ದಾಳೆಂಬ ಎಚ್ಚರದಿಂದ ಆಡಲಿ. ಉಪಾಧ್ಯಾಯಿನಿಯರು ಬಿಡುವಿನ ವೇಳೆಯಲ್ಲಿ ವಾರಕ್ಕೊಮ್ಮೆಯಾದರೂ ಬಯಲಿನ ಅಂಚಿಗೆ ಹೋಗಿ ನಿಂತು, ಯಾರು ಏನೆಂದು ಬೈದರೆಂಬುದಕ್ಕಿಂತ ಹೆಚ್ಚಾಗಿ, ಯಾರು ಒಂಟಿಯಾಗಿ ಗೋಡೆಗೆ ಒರಗಿದ್ದಾರೆಂಬುದನ್ನು ನೋಡಲಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಬಾಲ್ಯದ ಆಟದ ಮಾತುಗಳನ್ನು ಮಕ್ಕಳಿಗೆ ಮೊಮ್ಮಕ್ಕಳಿಗೆ ಹೇಳಿಕೊಡಲಿ. ಟೂ, ಜೂಟು, ಆಟಕ್ಕುಂಟು ಲೆಕ್ಕಕ್ಕಿಲ್ಲ, ಕಾಗೆ ಎಂಜಲು ಇವೆಲ್ಲ ಮುಂದಿನ ತಲೆಮಾರಿಗೆ ಇಳಿಯಲಿ. ಅವುಗಳ ಜೊತೆಗೆ, ತಾವು ಆಡಿ ಪಶ್ಚಾತ್ತಾಪಪಟ್ಟ ಒಂದು ಮಾತು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ. ನೂರು ಉಪದೇಶಗಳನ್ನು ಮರೆಯುವ ಮಗು, ತಾಯಿಯ ಒಂದು ತಪ್ಪೊಪ್ಪಿಗೆಯನ್ನು ಮರೆಯುವುದಿಲ್ಲ.

ಆ ಒಂದು ಪ್ರಶ್ನೆಗೆ ಉತ್ತರ ಹೇಳಿ ಲೇಖನವನ್ನು ಮುಗಿಸುತ್ತೇವೆ. ಅವರು ಇದೇ ಊರಿನಲ್ಲಿದ್ದಾರೆ. ಈ ವರ್ಷದ ಜೂನ್ ತಿಂಗಳಲ್ಲಿ ಮಗಳನ್ನು ಆರನೆಯ ತರಗತಿಗೆ ಸೇರಿಸಲು ನಮ್ಮ ಕಚೇರಿಗೆ ಬಂದಿದ್ದರು. ನಾವು ಗುರುತು ಹಿಡಿದೆವು, ಅವರೂ ಹಿಡಿದರು. ಜೊತೆಯಲ್ಲಿ ಓದಿದವರಾದರೂ ನಮ್ಮನ್ನು ‘ಮೇಡ’ಮೆಂದೇ ಕರೆದರು. ಮಗು ಹೊರಗೆ ಹೋದ ಮೇಲೆ, ಮೂವತ್ತು ವರ್ಷ ತಡವಾಗಿ, ಹೇಳಬೇಕಾಗಿದ್ದ ಮಾತನ್ನು ಹೇಳಿ ಕ್ಷಮೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಅರ್ಜಿಯ ಕಾಗದವನ್ನೇ ನೋಡುತ್ತಿದ್ದು, “ಆಗ ಎಲ್ಲರೂ ಚಿಕ್ಕವರಾಗಿದ್ದೆವು, ಮೇಡಂ. ನನ್ನ ಮಗಳು ಹಾಡುತ್ತಾಳೆ. ಅವಳನ್ನು ಇಲ್ಲಿ ಅವಳ ಹೆಸರಿನಿಂದಲೇ ಕರೆಯುವ ಹಾಗೆ ನೋಡಿಕೊಳ್ಳಿ” ಎಂದರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಹೇಳಬೇಕೆಂದು ಕೇಳುವ ಅಧಿಕಾರ ನಮಗೂ ಇರಲಿಲ್ಲ.

ಆ ಮಗು ಈಗ ಹಾಡಿನ ಗುಂಪಿನ ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ದಯಮಾಡಿಸಿ, ಅವಳ ಸ್ವರವನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಅವಳ ಹೆಸರು ಕಾರ್ಯಕ್ರಮದ ಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾಗಿರುತ್ತದೆ. ನಮ್ಮ ಬಯಲಿನಲ್ಲಿ ಜಗಳಗಳಿರಲಿ, ಟೂಗಳಿರಲಿ, ಸಂಜೆಯೊಳಗೆ ರಾಜಿಗಳೂ ಇರಲಿ; ಯಾವ ಮಗುವೂ ತನ್ನ ಹೆಸರನ್ನು ಕಳೆದುಕೊಂಡು ಮನೆಗೆ ಹೋಗದಿರಲಿ ಎಂಬುದೇ ಈ ಸಂಚಿಕೆಯ ಮೂಲಕ ನಾವು ಎಲ್ಲರಿಗೂ ಮಾಡುವ ಬಿನ್ನಹ.